ಕಾಲೇಜಿಗೆ ಹೊಸ ಪಾಠ ಬರುವ ದಾರಿ

ಮೇ ತಿಂಗಳು ಬಂತೆಂದರೆ ವ್ಯಾಪಾರಸ್ಥರ ಮನೆಗಳಲ್ಲಿ ಒಂದೇ ಮಾತು. ಮಗ ಬಿ.ಕಾಂ. ಮಾಡಲಿ, ಅಂಗಡಿಗೆ ಆಗುತ್ತದೆ; ಮಗಳು ಹತ್ತಿರದ ಕಾಲೇಜಿನಲ್ಲಿ ಏನಿದೆಯೋ ಅದನ್ನು ಓದಲಿ. ಈ 'ಏನಿದೆಯೋ ಅದು' ಎಂಬ ಮಾತಿನಲ್ಲಿಯೇ ಎಷ್ಟೋ ಹೆಣ್ಣುಮಕ್ಕಳ ಭವಿಷ್ಯ ತೀರ್ಮಾನವಾಗಿಬಿಡುತ್ತದೆ. ಲೆಕ್ಕಪತ್ರದಲ್ಲಿ ಮನಸ್ಸಿಲ್ಲದವಳೂ ಬಿ.ಕಾಂ. ತರಗತಿಯಲ್ಲಿ ಮೂರು ವರ್ಷ ಕುಳಿತು ಬರುತ್ತಾಳೆ. ಸಂಖ್ಯಾಶಾಸ್ತ್ರವನ್ನೋ ಮನಃಶಾಸ್ತ್ರವನ್ನೋ ಓದಬೇಕೆಂದಿದ್ದವಳು ಆ ವಿಷಯ ಊರಿನಲ್ಲಿಲ್ಲವೆಂದು ಸುಮ್ಮನಾಗುತ್ತಾಳೆ. ಹಾಗಾದರೆ ಕಾಲೇಜಿನಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು? ಅವರ ಮುಂದೆ ನಮ್ಮ ಮಾತಿಗೆ ಜಾಗವಿದೆಯೇ? ಇದೆ. ಆ ಜಾಗದಲ್ಲಿ ನಮ್ಮವರು ಹೋಗಿ ಕೂರುವುದು ಕಡಿಮೆ, ಅಷ್ಟೆ.

ಉದಾಹರಣೆಗೆ ಗೋವೆಯ ಕುಂಕಳ್ಳಿಯನ್ನೇ ನೋಡೋಣ. ಕಾರವಾರದಿಂದ ಮಡಗಾಂವಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಕಾಣಕೋಣ ದಾಟಿದ ಮೇಲೆ, ಮಡಗಾಂವಕ್ಕೆ ಮುಂಚೆ ಸಿಗುವ ಊರಿದು. ರೈಲಿನಲ್ಲಿ ಹೋಗುವವರಿಗೆ ಬಾಳ್ಳಿ ನಿಲ್ದಾಣ ಹತ್ತಿರ. ಸಾಷ್ಟಿ ತಾಲ್ಲೂಕಿಗೆ ಸೇರಿದ್ದು. 1583ರಲ್ಲಿ ಪೋರ್ಚುಗೀಸರ ವಿರುದ್ಧ ಎದ್ದು ನಿಂತ ಇಲ್ಲಿನ ಗ್ರಾಮಮುಖ್ಯರ ಸ್ಮಾರಕ ಊರಿನಲ್ಲಿದೆ. ಇಂದು ಕೈಗಾರಿಕಾ ವಸಾಹತು, ಪೇಟೆ, ಪುರಸಭೆ ಎಲ್ಲವೂ ಇವೆ. ವಿದ್ಯೆಯ ವಿಷಯಕ್ಕೆ ಬಂದರೆ ಈ ಸಣ್ಣ ಊರಿನಲ್ಲಿ ಎರಡು ಬಗೆಯ ಸಂಸ್ಥೆಗಳಿವೆ. ಒಂದು, ಕುಂಕಳ್ಳಿ ಎಜುಕೇಶನಲ್ ಸೊಸೈಟಿಯ ಕಲಾ ಮತ್ತು ವಾಣಿಜ್ಯ ಕಾಲೇಜು. ಇನ್ನೊಂದು, ಗೋವೆಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್.ಐ.ಟಿ. ಒಂದೇ ಊರಿನಲ್ಲಿದ್ದರೂ ಹೊಸ ಪಾಠ ಇವೆರಡರೊಳಗೆ ಬರುವ ಬಾಗಿಲು ಬೇರೆ ಬೇರೆ.

ಎನ್.ಐ.ಟಿ.ಯದು ನೇರ ದಾರಿ. 2010ರಲ್ಲಿ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಮತ್ತು ಎಲೆಕ್ಟ್ರಿಕಲ್ ಎಂಬ ಮೂರೇ ವಿಭಾಗಗಳಿಂದ ಆರಂಭವಾದ ಸಂಸ್ಥೆಯಿದು. ನಮ್ಮ ಸುರತ್ಕಲ್ಲಿನ ಸಂಸ್ಥೆಯೇ ಮೊದಲಿಗೆ ಇದಕ್ಕೆ ಮಾರ್ಗದರ್ಶಿಯಾಗಿತ್ತು. ಬಹುಕಾಲ ಫೋಂಡಾ ಬಳಿಯ ಫರ್ಮಾಗುಡಿಯಲ್ಲಿ ಬಿಡಾರ ಹೂಡಿದ್ದು, ಆಮೇಲೆ ಕುಂಕಳ್ಳಿಗೆ ಬಂತು. 2024ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಇಲ್ಲಿನ ಕಾಯಂ ಆವರಣವನ್ನು ಉದ್ಘಾಟಿಸಿದರು. ಮೆಕ್ಯಾನಿಕಲ್, ಸಿವಿಲ್ ವಿಭಾಗಗಳು ನಂತರ ಸೇರಿದವು. ಎನ್.ಐ.ಟಿ. ಕಾಯ್ದೆಯ ಪ್ರಕಾರ ಪಾಠ, ಪರೀಕ್ಷೆಗಳ ಮಟ್ಟ ಕಾಯುವುದು ಸಂಸ್ಥೆಯದೇ ಸೆನೆಟ್. ಹೊಸ ಕೋರ್ಸನ್ನು ಸ್ಥಾಪಿಸುವ ಅಧಿಕಾರ ಆಡಳಿತ ಮಂಡಳಿಯದು. ಪಾಠಕ್ಕಾಗಿ ಹೊರಗಿನ ವಿಶ್ವವಿದ್ಯಾಲಯದ ಬಾಗಿಲು ತಟ್ಟುವ ಪ್ರಮೇಯವಿಲ್ಲ.

ಕಲಾ-ವಾಣಿಜ್ಯ ಕಾಲೇಜಿನ ಸ್ಥಿತಿ ಹೀಗಲ್ಲ. ಅದು ಗೋವಾ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದದ್ದು. ಆ ವಿಶ್ವವಿದ್ಯಾಲಯ 1985ರದು. ಅದಕ್ಕೆ ಮುಂಚೆ ಗೋವೆಯ ಕಾಲೇಜುಗಳೆಲ್ಲ ಮುಂಬಯಿ ವಿಶ್ವವಿದ್ಯಾಲಯದ ಪಾಠವನ್ನೇ ಓದುತ್ತಿದ್ದವು. ಸಂಯೋಜಿತ ಕಾಲೇಜು ತನ್ನ ಪಠ್ಯವನ್ನು ತಾನೇ ಬರೆದುಕೊಳ್ಳುವಂತಿಲ್ಲ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಬರೆಯಬೇಕು, ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು. ಹೊಸ ಪದವಿಯನ್ನೇ ತೆರೆಯುವುದಾದರೆ ಕಾಲೇಜು ಅರ್ಜಿ ಹಾಕಬೇಕು. ಅಧ್ಯಾಪಕರು, ಗ್ರಂಥಾಲಯ, ಕೊಠಡಿಗಳಿವೆಯೇ ಎಂದು ತಪಾಸಣೆ ನಡೆಯಬೇಕು. ಅನುದಾನ ಬೇಕೆಂದರೆ ಸರಕಾರದ ಒಪ್ಪಿಗೆಯೂ ಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಈ ವರ್ಷ ಕೇಳಿದವರ ಮಕ್ಕಳು ಬೇರೆಲ್ಲೋ ಸೇರಿಬಿಟ್ಟಿರುತ್ತಾರೆ. ಆದ್ದರಿಂದ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗಲೇ ಕೇಳಬೇಕು ಎಂಬುದು ಈ ಬರೆಹಗಾರನ ಲೆಕ್ಕ.

ಇವೆರಡರ ನಡುವಿನದು ಸ್ವಾಯತ್ತ ಕಾಲೇಜು. ಮಡಗಾಂವದಲ್ಲಿ 1962ರಲ್ಲಿ ಶುರುವಾದ ಚೌಗುಲೆ ಕಾಲೇಜು 2014ರಲ್ಲಿ ಸ್ವಾಯತ್ತವಾಯಿತು. ಇಂಥ ಕಾಲೇಜಿಗೆ ತನ್ನದೇ ಅಧ್ಯಯನ ಮಂಡಳಿ ಇರುತ್ತದೆ. ಯು.ಜಿ.ಸಿ. ನಿಯಮದಂತೆ ಆ ಮಂಡಳಿಯಲ್ಲಿ ಅಧ್ಯಾಪಕರು, ಹೊರಗಿನ ತಜ್ಞರ ಜೊತೆಗೆ ಉದ್ಯಮ ಕ್ಷೇತ್ರದ ಒಬ್ಬ ಪ್ರತಿನಿಧಿ, ಒಬ್ಬ ಹಳೆಯ ವಿದ್ಯಾರ್ಥಿ ಇರಬೇಕು. ವಿದ್ಯಾವಿಷಯಕ ಪರಿಷತ್ತಿನಲ್ಲೂ ಉದ್ಯಮ, ವಾಣಿಜ್ಯ, ಕಾನೂನು ಮುಂತಾದ ಕ್ಷೇತ್ರಗಳ ಹೊರಗಿನವರಿಗೆ ಸ್ಥಾನವುಂಟು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಈ ಕುರ್ಚಿಯಲ್ಲಿ ಕೂರುವ ಯೋಗ್ಯತೆಯಿಲ್ಲವೇ? ಕಾಲೇಜಿನ ವಾರ್ಷಿಕೋತ್ಸವಕ್ಕೆ ದೇಣಿಗೆ ಕೇಳಿ ಬಂದಾಗ ಚೀಟಿ ಹರಿದು ಕೊಡುವ ನಾವು, 'ನಿಮ್ಮ ಮಂಡಳಿಯಲ್ಲಿ ವ್ಯಾಪಾರದವರು ಯಾರಿದ್ದಾರೆ?' ಎಂದು ಕೇಳುವುದಿಲ್ಲ.

ಕೇಳಬೇಕೇಕೆ ಎಂದರೆ, ಪಾಠ ಹಳತಾದಾಗ ಪೆಟ್ಟು ಬೀಳುವುದು ನಮ್ಮ ಅಂಗಡಿಗಳ ಮೇಲೆ. 2016ರಲ್ಲಿ ಬಿ.ಕಾಂ. ಸೇರಿದ ಹುಡುಗನನ್ನು ನೆನೆದುಕೊಳ್ಳಿ. ಅವನು ಸೇರಿದಾಗ ಇದ್ದದ್ದು ವ್ಯಾಟ್, ಅಬಕಾರಿ ಸುಂಕ, ಸೇವಾ ತೆರಿಗೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಮೂರನ್ನೂ ಬಹುಮಟ್ಟಿಗೆ ನುಂಗಿತು. ಆ ಹುಡುಗ 2019ರಲ್ಲಿ ಪದವಿ ಹಿಡಿದು ಅಂಗಡಿಗೆ ಬರುವಾಗ ಹಳೆಯ ತೆರಿಗೆಯ ಪಾಠದಿಂದ ಉಪಯೋಗವೇನು? ಸಾಮಾನ್ಯವಾಗಿ ಪಠ್ಯ ಬದಲಾದರೆ ಅದು ಹೊಸದಾಗಿ ಸೇರುವವರಿಗೆ ಅನ್ವಯಿಸುತ್ತದೆ. ಹಿಂದಿನವರು ಹಿಂದಿನ ಪಠ್ಯದಲ್ಲೇ ಮುಗಿಸುತ್ತಾರೆ. ಇದು ನ್ಯಾಯವೇ, ನಡುವೆ ನಿಯಮ ಬದಲಿಸಿದರೆ ಮಕ್ಕಳಿಗೆ ತೊಂದರೆ. ಆದರೆ ಇಂಥ ಸಮಯದಲ್ಲಿ ಒಂದು ಸಣ್ಣ ಕೌಶಲದ ಪಾಠವನ್ನು ಬೇಗ ಸೇರಿಸುವ ಅನುಕೂಲ ಇರಬೇಕು. ಈಚಿನ ವರ್ಷಗಳಲ್ಲಿ ಅಂಥ ಅನುಕೂಲ ಬಂದಿದೆ.

2022ರ ಡಿಸೆಂಬರಿನಲ್ಲಿ ಯು.ಜಿ.ಸಿ. ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 160. ಕ್ರೆಡಿಟ್ ಎಂದರೆ ಗಾಬರಿ ಬೇಡ. ಒಂದು ಕ್ರೆಡಿಟ್ ಅಂದರೆ ಹದಿನೈದು ಗಂಟೆಗಳ ಪಾಠ, ಅಥವಾ ಮೂವತ್ತು ಗಂಟೆಗಳ ಪ್ರಾಯೋಗಿಕ ಕೆಲಸ. ಈ 120ರಲ್ಲಿ ಅರ್ಧ ಮುಖ್ಯ ವಿಷಯಕ್ಕೆ. ಉಪವಿಷಯಕ್ಕೆ 24. ಉಳಿದದ್ದರಲ್ಲಿ 9 ಬೇರೆ ಶಾಸ್ತ್ರಗಳ ಪಾಠಕ್ಕೆ, ಇನ್ನೊಂದು 9 ಕೌಶಲಕ್ಕೆ, ಸ್ವಲ್ಪ ಭಾಷೆಗೆ, ಸ್ವಲ್ಪ ಮೌಲ್ಯವರ್ಧಿತ ಪಾಠಕ್ಕೆ, 2ರಿಂದ 4 ಕ್ರೆಡಿಟ್ ಹೊರಗಿನ ಕೆಲಸದ ತರಬೇತಿಗೆ. ಗೋವೆಯಲ್ಲಿ 2023-24ರಿಂದ ಪದವಿ ತರಗತಿಗಳು ಹೊಸ ಶಿಕ್ಷಣ ನೀತಿಯ ದಾರಿ ಹಿಡಿದಿವೆ. ಅಂದಮೇಲೆ ಊರವರು ಹೊಸತನ್ನು ಸೂಚಿಸಲು ಸುಲಭವಾದ ಸ್ಥಳ ಆ ಕೌಶಲದ 9 ಕ್ರೆಡಿಟ್. ಇಡೀ ಪದವಿಯನ್ನೇ ತೆರೆಯಿರಿ ಎಂದು ಬೇಡುವುದಕ್ಕಿಂತ, ಜಿ.ಎಸ್.ಟಿ. ರಿಟರ್ನ್ ತುಂಬುವುದು, ದಾಸ್ತಾನಿನ ಲೆಕ್ಕ, ಸರಕು ಸಾಗಣೆಯ ಕಾಗದಪತ್ರ ಇವನ್ನು ನಲವತ್ತೈದು ಗಂಟೆಗಳ ಪಾಠವಾಗಿಸಿ ಎಂದು ಕೇಳುವುದು ಫಲ ಕೊಡುತ್ತದೆ. ಬಗಲಲ್ಲೇ ಕೈಗಾರಿಕಾ ವಸಾಹತು ಇರುವ ಕುಂಕಳ್ಳಿಯಂಥ ಊರಿಗೆ ಇದು ಹೇಳಿ ಮಾಡಿಸಿದಂತಿದೆ. ತರಬೇತಿಗೆ ಹುಡುಗ ಹುಡುಗಿಯರನ್ನು ಅರವತ್ತು ಗಂಟೆ ನಮ್ಮ ಅಂಗಡಿಯಲ್ಲಿ ಕೂರಿಸಿಕೊಳ್ಳುತ್ತೇವೆ ಎಂದು ಬರೆದುಕೊಟ್ಟರಂತೂ ಕಾಲೇಜಿನವರು ಸಂತೋಷದಿಂದ ಕೇಳಿಯಾರು. ಚಹಾ ತರುವ ಕೆಲಸಕ್ಕೆ ಮಾತ್ರ ಅವರನ್ನು ಓಡಿಸಬಾರದು!

ಇಲ್ಲಿ ಗಡಿಯ ಈಚೆಗಿನವರಿಗೆ ಒಂದು ಎಚ್ಚರಿಕೆ. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದಿತು; 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಹೀಗಾಗಿ ಅಣ್ಣ ಕಾರವಾರದಲ್ಲಿ, ತಂಗಿ ಕುಂಕಳ್ಳಿಯಲ್ಲಿ ಓದಿದರೆ ಇಬ್ಬರ ಪದವಿಯ ಹೊಲಿಗೆಯೇ ಬೇರೆ. ನಡುವೆ ಕಾಲೇಜು ಬದಲಿಸುವ ಯೋಚನೆಯಿದ್ದರೆ, ಯಾವ ಕ್ರೆಡಿಟ್ ಅಲ್ಲಿ ಒಪ್ಪಿಗೆಯಾಗುತ್ತದೆಂದು ಮುಂಚೆಯೇ ಬರಹದಲ್ಲಿ ಪಡೆಯಬೇಕು. ಇನ್ನು ಆ ನಾಲ್ಕನೆಯ ವರ್ಷ ಬೇಕೇ ಎಂಬ ಪ್ರಶ್ನೆ. ಮೂರು ವರ್ಷ ಓದಿದವರಿಗೆ ಸ್ನಾತಕೋತ್ತರ ಎರಡು ವರ್ಷ, ನಾಲ್ಕು ಓದಿದವರಿಗೆ ಒಂದೇ ವರ್ಷ. ನಾಲ್ಕು ವರ್ಷದಲ್ಲಿ ಶೇಕಡಾ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೂ ಅರ್ಹರು. ಅಧ್ಯಾಪನ, ಸಂಶೋಧನೆ ಬಯಸುವ ಮಗುವಿಗೆ ಅದು ಬೇಕು. ವ್ಯಾಪಾರಕ್ಕೇ ಬರುವ ಮಗುವಿಗೆ ಒಂದು ವರ್ಷ ಅಂಗಡಿಯಲ್ಲಿ ಕಳೆದರೂ ನಷ್ಟವಿಲ್ಲವೆಂದು ನನ್ನ ಅನಿಸಿಕೆ.

ಹೊಸ ಕೋರ್ಸಿನ ಹೆಸರು ನೋಡಿ ಮರುಳಾಗುವವರೂ ಇದ್ದಾರೆ. ಸರಕು ಕೊಳ್ಳುವಾಗ ಮುದ್ರೆ ನೋಡುವ ನಾವು ಪದವಿ ಕೊಳ್ಳುವಾಗಲೂ ನೋಡಬೇಡವೇ? ಯು.ಜಿ.ಸಿ. ಕಾಯ್ದೆಯ 22ನೆಯ ಕಲಮಿನಂತೆ, ಅದು ಗೊತ್ತುಪಡಿಸಿದ ಹೆಸರಿನ ಪದವಿಗಳನ್ನಷ್ಟೇ ಕೊಡಬಹುದು. ಬಿ.ಬಿ.ಎ., ಬಿ.ಎಂ.ಎಸ್., ಬಿ.ಸಿ.ಎ.ಗಳು 2024-25ರಿಂದ ಎ.ಐ.ಸಿ.ಟಿ.ಇ. ವ್ಯಾಪ್ತಿಗೆ ಬಂದಿವೆ, ನಮ್ಮವರು ಹೆಚ್ಚಾಗಿ ಸೇರುವುದೇ ಇವಕ್ಕೆ, ಆದ್ದರಿಂದ ಕಾಲೇಜಿನವರ ಬಳಿ ಆ ಒಪ್ಪಿಗೆಯ ಪತ್ರ ಕೇಳಲು ಸಂಕೋಚಪಡಬೇಡಿ. ಅಧ್ಯಾಪಕರು ಕಾಯಂ ಇದ್ದಾರೋ, ಗಂಟೆ ಲೆಕ್ಕದವರೋ ಎಂಬುದನ್ನೂ ಕೇಳಿ.

ಪ್ರಸ್ತಾವ ಹೇಗೆ ಬರೆಯಬೇಕು? ಪ್ರಾಚಾರ್ಯರಿಗೆ ಒಬ್ಬನೇ ಬರೆದರೆ ಅದು ದೂರಿನಂತೆ ಕಾಣುತ್ತದೆ. ವ್ಯಾಪಾರಿ ಸಂಘ, ಪಾಲಕರ ಸಂಘ, ಹಳೆಯ ವಿದ್ಯಾರ್ಥಿಗಳು ಕೂಡಿ ಬರೆದರೆ ಬೇಡಿಕೆಯೆನಿಸುತ್ತದೆ. ಎಷ್ಟು ಮಕ್ಕಳು ಸೇರುವ ಸಂಭವವಿದೆ, ಪಾಠ ಹೇಳಬಲ್ಲವರು ಯಾರು, ಯಾವ ಪುಸ್ತಕ, ಎಷ್ಟು ಗಂಟೆ, ಪರೀಕ್ಷೆ ಹೇಗೆ, ಮುಂದೆ ಕೆಲಸವೇನು, ಇಷ್ಟು ಪತ್ರದಲ್ಲಿರಲಿ. ಅದೇ ಪಾಠ ಕೇಪೆಯ ಸರಕಾರಿ ಕಾಲೇಜಿನಲ್ಲೋ ಮಡಗಾಂವದ ಕಾಲೇಜುಗಳಲ್ಲೋ ಈಗಾಗಲೇ ಇದ್ದರೆ ಅರ್ಧ ಕೆಲಸ ಆದಂತೆ, ಏಕೆಂದರೆ ಹೊಸ ಪಠ್ಯ ಬರೆಯುವ ಪ್ರಯಾಸ ಉಳಿಯುತ್ತದೆ. ಕಾಲೇಜುಗಳು ಮೌಲ್ಯಮಾಪನಕ್ಕಾಗಿ ಪಾಲಕರ ಅಭಿಪ್ರಾಯ ಕೇಳಿ ಒಂದು ಹಾಳೆ ಕಳಿಸುತ್ತವೆ. ಅದಕ್ಕೆ 'ಎಲ್ಲ ಚೆನ್ನಾಗಿದೆ' ಎಂದು ಗುರುತು ಹಾಕಿ ಮರಳಿಸಬೇಡಿ. ಅದರ ಕೊನೆಯಲ್ಲಿ ಸಲಹೆಗೆಂದು ಬಿಟ್ಟ ಎರಡು ಸಾಲು ಕಡತದಲ್ಲಿ ಉಳಿಯುತ್ತದೆ.

ಸಮಾಜದ ಕೆಲವರ ಮನಸ್ಸಿನಲ್ಲಿರುವ ಇನ್ನೊಂದು ಆಸೆ ಪ್ರಾಕೃತದ ಪಾಠ. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟ ಮೇಲೆ ಈ ಮಾತು ಮತ್ತೆ ಕೇಳಿಬರುತ್ತಿದೆ. ಇದಕ್ಕೆ ನಮ್ಮಲ್ಲೇ ಹಿಂದಿನ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಸದಲಗಾದ ಡಾ. ಎ. ಎನ್. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಮೂರು ದಶಕಗಳ ಕಾಲ ಅರ್ಧಮಾಗಧಿ ಕಲಿಸಿದರು. 1970ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾಗಿ ಬಂದರು. ಎರಡೂ ಕಡೆ ಆ ಪಾಠಕ್ಕೆ ಸತ್ವ ಬಂದದ್ದು ಕಲಿಸಬಲ್ಲ ಒಬ್ಬರು ಇದ್ದದ್ದರಿಂದ. ಕುಂಕಳ್ಳಿಯಂಥ ಕಡೆ ಪ್ರಾಕೃತದ ಪದವಿಯನ್ನೇ ಕೇಳುವುದು ಹುಚ್ಚುತನ. ಆದರೆ ಮೌಲ್ಯವರ್ಧಿತ ಪಾಠದ ಲೆಕ್ಕದಲ್ಲಿ 2 ಕ್ರೆಡಿಟ್, ಅಂದರೆ ಮೂವತ್ತು ಗಂಟೆ, ಯಾವ ಜಾತಿ ಮತದ ವಿದ್ಯಾರ್ಥಿಯೂ ಸೇರಬಹುದಾದ ಪಾಠವೆಂದು ಕೇಳಬಹುದು. ಮೊದಲು ಹುಡುಕಬೇಕಾದದ್ದು ಅದನ್ನು ಕಲಿಸುವವರನ್ನು: ಮೈಸೂರಿನಲ್ಲೋ ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯಲ್ಲೋ ಓದಿ, ವಾರಕ್ಕೆ ಎರಡು ಗಂಟೆ ಮಡಗಾಂವದ ಕಡೆಯಿಂದ ಬಂದು ಹೋಗಲು ಒಪ್ಪುವ ಒಬ್ಬರನ್ನು. ಅವರ ಬಸ್ಸಿನ ಖರ್ಚನ್ನು ಪೇಟೆಯ ನಾಲ್ಕು ಅಂಗಡಿಗಳು ಹಂಚಿಕೊಂಡರೂ ಆದೀತು.