ಅಲ್ಪವೆಚ್ಚದ ಎಲೆಕಟ್ಟು: ಸಾಮಾನ್ಯ ಎಲೆಗಳ ಸಂಘಟಿತ ಸಾಮರ್ಥ್ಯ

ಕ್ರೀಡೆ ಮಾನವನ ಸಹಜ ಪ್ರವೃತ್ತಿಗಳಲ್ಲೊಂದು. ದೇಹಬಲವನ್ನು ವೃದ್ಧಿಗೊಳಿಸುವ ಆಟಗಳಿರುವಂತೆ ಬುದ್ಧಿಬಲವನ್ನು ಒರೆಗೆ ಹಚ್ಚುವ ಆಟಗಳೂ ಎಲ್ಲ ನಾಡುಗಳಲ್ಲಿ ಬೆಳೆದುಬಂದಿವೆ. ಕನ್ನಡ ನಾಡಿನಲ್ಲಿ ಚದುರಂಗ, ಪಗಡೆ, ಚೌಕಾಬಾರ, ಅಳಗುಳಿಮಣೆಗಳೊಡನೆ ಗಂಜೀಫವೆಂಬ ಎಲೆಯಾಟವೂ ಪ್ರಸಿದ್ಧವಾಗಿತ್ತು. ದಶಾವತಾರ ಗಂಜೀಫದ ಕಟ್ಟಿನಲ್ಲಿ ಒಂದೊಂದು ಅವತಾರಕ್ಕೆ ೧೨ರಂತೆ ಒಟ್ಟು ೧೨೦ ಎಲೆಗಳು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದ ಹಲವು ಹೊಸ ಪ್ರಭೇದಗಳನ್ನು ರೂಪಿಸಿ, ಅವುಗಳ ವಿವರಗಳನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದುದು ವಿದ್ವಜ್ಜನರಿಗೆ ವಿದಿತವೇ ಇದೆ. ಅರಮನೆಗಳಲ್ಲಿ ಆನೆಯ ದಂತದಿಂದ ಮಾಡಿದ ‘ದರಬಾರ್ ಕಲಂ’ ಎಲೆಗಳಿದ್ದರೆ, ಜನಸಾಮಾನ್ಯರ ಕೈಯಲ್ಲಿ ಬಟ್ಟೆ, ಕಾಗದ, ತಾಳೆಗರಿಗಳ ‘ಬಜಾರ್ ಕಲಂ’ ಎಲೆಗಳಿದ್ದವು. ಆದರೆ ದಂತದ ರಾಜನಿಗೂ ಬಟ್ಟೆಯ ರಾಜನಿಗೂ ಆಟದಲ್ಲಿದ್ದ ಬಲ ಒಂದೇ. ಕುಳಿತವರೆಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತಿದ್ದುದರಿಂದ ಸಿರಿವಂತನೆಂಬ, ಬಡವನೆಂಬ ಭೇದ ಆಟದೊಳಕ್ಕೆ ಪ್ರವೇಶಿಸುತ್ತಿರಲಿಲ್ಲ.

೧೯೯೩ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಎಲೆಯಾಟ ಈ ಪದ್ಧತಿಯನ್ನು ಬದಲಿಸಿತು. ಗಣಿತಜ್ಞರಾದ ರಿಚರ್ಡ್ ಗಾರ್ಫೀಲ್ಡ್ ಅವರು ರೂಪಿಸಿ, ವಾಷಿಂಗ್ಟನ್ ರಾಜ್ಯದ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಪ್ರಕಟಿಸಿದ ಆ ಆಟದ ಹೆಸರು ‘ಮ್ಯಾಜಿಕ್: ದಿ ಗ್ಯಾದರಿಂಗ್’. ಇದರಲ್ಲಿ ಎಲ್ಲರಿಗೂ ಸಮಾನವಾದ ಕಟ್ಟು ಇಲ್ಲ. ಪ್ರತಿಯೊಬ್ಬ ಆಟಗಾರನೂ ತಾನು ಕೊಂಡು, ವಿನಿಮಯ ಮಾಡಿಕೊಂಡು, ಆಯ್ದು ಜೋಡಿಸಿದ ತನ್ನದೇ ಕಟ್ಟನ್ನು ಮನೆಯಿಂದ ತರುತ್ತಾನೆ. ಪ್ರಥಮ ಮುದ್ರಣದಲ್ಲಿ ೨೯೫ ಬಗೆಯ ಎಲೆಗಳಿದ್ದವು. ಇಂದು ಆ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರಿದೆ. ಮಂತ್ರವಾದಿಗಳು, ಅದ್ಭುತ ಮೃಗಗಳು, ಐರೋಪ್ಯ ಜನಪದ ಕಥೆಗಳ ವನವಾಸಿಗಳು ಇವೇ ಮೊದಲಾದ ಕಲ್ಪಿತ ಲೋಕವೊಂದು ಈ ಎಲೆಗಳ ಮೇಲೆ ಚಿತ್ರಿತವಾಗಿದೆ. ಪರದೇಶಗಳಲ್ಲಿ ನೆಲಸಿರುವ ಕನ್ನಡಿಗರ ಮಕ್ಕಳಿಗೆ ಇಂಥ ಆಟಗಳು ಅಪರಿಚಿತವಲ್ಲ. ನಮ್ಮ ನಗರಗಳ ಮಕ್ಕಳ ಕೈಯಲ್ಲಿಯೂ ಈ ಜಾತಿಯ ಎಲೆಗಳು ಈಗ ಕಾಣಬರುತ್ತವೆ. ಆದುದರಿಂದ ಇದರ ಒಳಹೊರಗನ್ನು ಪೋಷಕರೂ ಅಧ್ಯಾಪಕರೂ ತಿಳಿದಿರುವುದು ಉಚಿತ.

ಆತಂಕಕ್ಕೆ ಕಾರಣವಾಗುವ ಸಂಗತಿ ಬೆಲೆ. ಎಲೆಗಳನ್ನು ‘ಕಾಮನ್’, ‘ಅನ್‌ಕಾಮನ್’, ‘ರೇರ್’ ಎಂದು, ಅಂದರೆ ಸಾಮಾನ್ಯ, ವಿರಳ, ಅಪೂರ್ವ ಎಂದು ವರ್ಗೀಕರಿಸಿ ಮುದ್ರಿಸಲಾಯಿತು. ೨೦೦೮ರಲ್ಲಿ ಅಪೂರ್ವಕ್ಕಿಂತಲೂ ಅಪೂರ್ವವಾದ ನಾಲ್ಕನೆಯ ವರ್ಗವೂ ಸೇರಿತು. ಆರಂಭಕಾಲದ ಮೊಹರು ಮಾಡಿದ ಪೊಟ್ಟಣವೊಂದರಲ್ಲಿ ೧೧ ಸಾಮಾನ್ಯ, ೩ ವಿರಳ, ೧ ಅಪೂರ್ವ ಎಲೆಗಳಿದ್ದವು. ಒಳಗೆ ಯಾವ ಎಲೆಯಿದೆಯೆಂಬುದು ಒಡೆಯುವವರೆಗೆ ತಿಳಿಯದು. ಬೇಕಾದುದು ಬಾರದಿದ್ದರೆ ಇನ್ನೊಂದು ಪೊಟ್ಟಣ, ಅದರಲ್ಲಿಯೂ ಬಾರದಿದ್ದರೆ ಮತ್ತೊಂದು ಎಂಬ ಆಸೆ ಬಾಲಕರನ್ನು ಲಾಟರಿಯ ಹಾದಿಗೆ ಎಳೆಯಬಲ್ಲದು. ‘ಬ್ಲ್ಯಾಕ್ ಲೋಟಸ್’ ಎಂಬ ೧೯೯೩ರ ಎಲೆಯ ಒಂದು ಪ್ರತಿ ೨೦೨೧ರ ಜನವರಿಯಲ್ಲಿ ೫,೧೧,೧೦೦ ಡಾಲರಿಗೆ ಹರಾಜಾಯಿತೆಂದರೆ ಈ ಆಸೆಯ ಎತ್ತರವನ್ನು ಊಹಿಸಬಹುದು. ಹಾಗಾದರೆ ಹಣವಿದ್ದವನೇ ಗೆಲ್ಲುವನೇ? ಅಲ್ಪ ವೆಚ್ಚದಲ್ಲಿ ಕಟ್ಟಿದ ಕಟ್ಟಿಗೆ ಬಲವಿಲ್ಲವೇ? ಇದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಆಟಗಾರರೇ ಒಂದು ಉತ್ತರವನ್ನು ಕಂಡುಕೊಂಡರು. ಎಂದಾದರೂ ಒಮ್ಮೆ ಸಾಮಾನ್ಯವರ್ಗದಲ್ಲಿ ಪ್ರಕಟವಾದ ಎಲೆಗಳಿಂದ ಮಾತ್ರ ಕಟ್ಟು ಕಟ್ಟಬೇಕೆಂಬುದು ಅದರ ನಿಯಮ. ಈ ಪದ್ಧತಿಗೆ ‘ಪಾಪರ್’ ಎಂದು ಹೆಸರು. ನ್ಯಾಯಾಲಯದ ಭಾಷೆಯಿಂದ ಕನ್ನಡದ ಆಡುಮಾತಿಗೆ ಇಳಿದ ‘ಪಾಪರ್ ಚೀಟಿ’ಯಲ್ಲಿರುವ ಪಾಪರ್ ಪದವೇ ಇದು, ನಿರ್ಧನನೆಂದು ಅರ್ಥ. ಗಣಕಯಂತ್ರದಲ್ಲಿ ಆಡುವ ಮ್ಯಾಜಿಕ್ ಆನ್‌ಲೈನ್‌ನಲ್ಲಿ ೨೦೦೮ರಲ್ಲಿ ಅಧಿಕೃತವಾದ ಈ ಪದ್ಧತಿಗೆ ೨೦೧೯ರಲ್ಲಿ ಕಾಗದದ ಎಲೆಗಳ ಆಟದಲ್ಲಿಯೂ ಮನ್ನಣೆ ದೊರೆಯಿತು. ಅತಿಬಲವುಳ್ಳ ಕೆಲವು ಸಾಮಾನ್ಯ ಎಲೆಗಳನ್ನು ಇದರಲ್ಲಿ ನಿಷೇಧಿಸಿರುವುದರಿಂದ ಆ ಪಟ್ಟಿಯನ್ನು ಮೊದಲು ನೋಡಿಕೊಳ್ಳುವುದು ಅವಶ್ಯ.

ಆಟದ ನಿಯಮಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ: ಇಬ್ಬರು ಆಟಗಾರರು, ಇಬ್ಬರಿಗೂ ತಲಾ ೨೦ ಪ್ರಾಣಾಂಕಗಳು, ಎದುರಾಳಿಯ ಅಂಕವನ್ನು ಸೊನ್ನೆಗೆ ಇಳಿಸಿದವನು ವಿಜಯಿ. ಕಟ್ಟಿನಲ್ಲಿ ಕನಿಷ್ಠ ೬೦ ಎಲೆಗಳಿರಬೇಕು. ಮೂಲಭೂಮಿಗಳನ್ನು ಬಿಟ್ಟು ಒಂದೇ ಹೆಸರಿನ ಎಲೆ ೪ನ್ನು ಮೀರಕೂಡದು. ಆರಂಭದಲ್ಲಿ ೭ ಎಲೆಗಳನ್ನು ಕೈಗೆ ತೆಗೆದುಕೊಂಡು, ಬಳಿಕ ಸರದಿಗೊಂದರಂತೆ ಎಳೆಯಬೇಕು. ಸರದಿಗೆ ಒಂದು ಭೂಮಿಯನ್ನು ಮಾತ್ರ ಇಡಬಹುದು. ಭೂಮಿಯಿಂದ ‘ಮಾನಾ’ ಎಂಬ ಶಕ್ತಿ ಹುಟ್ಟುತ್ತದೆ; ಉಳಿದ ಎಲೆಗಳನ್ನು ಆ ಶಕ್ತಿಯ ವ್ಯಯದಿಂದ ಇಳಿಸಬೇಕು. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ಭೂಮಿಗಳಿಗೆ ಕ್ರಮವಾಗಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳು.

ಕಟ್ಟು ಕಟ್ಟುವವನು ಮೊದಲು ನಿಶ್ಚಯಿಸಬೇಕಾದುದು ವಸ್ತುವನ್ನು. ಮಹಾಕಾವ್ಯದಲ್ಲಿ ರಸಗಳು ಹಲವಿದ್ದರೂ ಅಂಗಿರಸ ಒಂದೇ ಆಗಿ, ಉಳಿದವು ಅದಕ್ಕೆ ಅಂಗಗಳಾಗಿ ನಿಲ್ಲುವಂತೆ, ಕಟ್ಟಿನಲ್ಲಿಯೂ ಒಂದು ಪ್ರಧಾನ ಉದ್ದೇಶವಿದ್ದು ಪ್ರತಿಯೊಂದು ಎಲೆಯೂ ಅದನ್ನು ಪೋಷಿಸಬೇಕು. ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಸೇರಿಸಿದ ಎಲೆ ಅಪ್ರಸ್ತುತ ವರ್ಣನೆಯಂತೆ ಭಾರವಾಗುತ್ತದೆ. ವೆಚ್ಚದ ದೃಷ್ಟಿಯಿಂದ ಒಂದೇ ಬಣ್ಣದ ವಸ್ತು ಶ್ರೇಯಸ್ಕರ. ಎರಡು ಮೂರು ಬಣ್ಣಗಳನ್ನು ಬೆರೆಸಲು ವಿಶೇಷ ಭೂಮಿಗಳು ಬೇಕಾಗುತ್ತವೆ. ಹಲವು ಕಟ್ಟುಗಳಲ್ಲಿ ದುಬಾರಿಯಾದುವು ಅವೇ. ಒಂದೇ ಬಣ್ಣದ ಕಟ್ಟಿಗೆ ಅತ್ಯಂತ ಸುಲಭವಾಗಿ ದೊರೆಯುವ ಮೂಲಭೂಮಿಗಳೇ ಸಾಕು.

ನಿದರ್ಶನಕ್ಕಾಗಿ ಹಸಿರು ಬಣ್ಣದ ‘ಎಲ್ಫ್’ ಎಂಬ ವನವಾಸಿಗಳ ಕುಲವನ್ನು ತೆಗೆದುಕೊಳ್ಳಬಹುದು. ಒಬ್ಬೊಬ್ಬ ಎಲ್ಫ್ ದುರ್ಬಲ. ಗುಂಪು ಸೇರಿದಾಗ ಪ್ರಬಲ. ೧೯೯೩ರಿಂದಲೂ ಇರುವ ‘ಲ್ಯಾನೋವರ್ ಎಲ್ವ್ಸ್’ ಒಂದು ಮಾನಾದ ವೆಚ್ಚದಲ್ಲಿ ಇಳಿದು, ಮುಂದಿನ ಸರದಿಯಿಂದ ತಾನೂ ಒಂದು ಮಾನಾ ಕೊಡುತ್ತದೆ. ೧೯೯೫ರ ‘ಫಿಂಡ್‌ಹಾರ್ನ್ ಎಲ್ವ್ಸ್’, ೨೦೧೩ರ ‘ಎಲ್ವಿಶ್ ಮಿಸ್ಟಿಕ್’ ಮಾಡುವ ಕೆಲಸವೂ ಅದೇ. ನಿಘಂಟಿನ ಪರ್ಯಾಯಪದಗಳಂತೆ ಇಲ್ಲಿ ನಾಮಭೇದವುಂಟು, ಅರ್ಥಭೇದವಿಲ್ಲ. ಒಂದು ಹೆಸರಿಗೆ ನಾಲ್ಕೇ ಎಂಬ ನಿಯಮಕ್ಕೆ ಭಂಗ ಬಾರದಂತೆ ಒಂದೇ ಕೆಲಸದ ೧೨ ಎಲೆಗಳನ್ನು ಇರಿಸಲು ಇದರಿಂದ ಸಾಧ್ಯವಾಗುತ್ತದೆ.

ಇದರ ಪ್ರಯೋಜನವನ್ನು ಗಣಿತ ಸ್ಪಷ್ಟಪಡಿಸುತ್ತದೆ. ೬೦ ಎಲೆಗಳ ಕಟ್ಟಿನಲ್ಲಿ ಅಮೂಲ್ಯವಾದ ಎಲೆ ಒಂದೇ ಇದ್ದರೆ, ಆರಂಭದ ೭ ಎಲೆಗಳಲ್ಲಿ ಅದು ಕೈಗೆ ಬರುವ ಸಂಭವ ನೂರಕ್ಕೆ ಸುಮಾರು ೧೨. ಒಂದು ಬಗೆಯ ಎಲೆ ನಾಲ್ಕಿದ್ದರೆ ಒಂದಾದರೂ ಬರುವ ಸಂಭವ ೪೦, ಎಂಟಿದ್ದರೆ ೬೫, ಹನ್ನೆರಡಿದ್ದರೆ ೮೧. ಸಾವಿರಾರು ರೂಪಾಯಿಯ ಒಂದು ಎಲೆ ನೂರು ಆಟಗಳಲ್ಲಿ ಎಂಬತ್ತೆಂಟು ಸಲ ಆರಂಭದಲ್ಲಿ ಕೈಗೇ ಬಾರದು. ಬಡ ಎಲೆಗಳ ಸಮೂಹದಲ್ಲಿ ಒಂದಲ್ಲ ಒಂದು ಎಂಬತ್ತೊಂದು ಸಲ ಬಂದು ನಿಲ್ಲುವುದು. ಬಿಡಿಯಾದ ಬೆಲೆಗಿಂತ ಪುನರಾವೃತ್ತವಾದ ಉಪಯುಕ್ತತೆ ಹೆಚ್ಚಿನದೆಂಬ ತತ್ತ್ವ ಇಲ್ಲಿ ಅಂಕಿಗಳಿಂದಲೇ ಸಿದ್ಧವಾಗುತ್ತದೆ.

ಸಂಪೂರ್ಣ ಕಟ್ಟನ್ನು ಹೀಗೆ ಯೋಜಿಸಬಹುದು. ಕಾಡು ೧೭, ಇದರಿಂದ ಆರಂಭದ ಕೈಯಲ್ಲಿ ಸರಾಸರಿ ಎರಡು ಭೂಮಿ ದೊರೆಯುತ್ತವೆ. ಮೇಲೆ ಹೇಳಿದ ಮಾನಾದಾಯಕ ಎಲ್ಫ್‌ಗಳು ೧೨. ಕಣದಲ್ಲಿರುವ ಎಲ್ಫ್‌ಗಳ ಎಣಿಕೆಯಷ್ಟು ಮಾನಾ ಕೊಡುವ ‘ಪ್ರೀಸ್ಟ್ ಆಫ್ ಟೈಟಾನಿಯಾ’ ೪. ಇಳಿಯುವಾಗ ಹೊಸ ಎಲೆಯೊಂದನ್ನು ಕೈಗೆ ತರುವ ‘ಎಲ್ವಿಶ್ ವಿಷನರಿ’ ೪. ಕಟ್ಟಿನ ಮೇಲಿನ ನಾಲ್ಕು ಎಲೆಗಳಲ್ಲಿರುವ ಜೀವಿಗಳನ್ನೆಲ್ಲ ಕೈಗೆ ಕೊಡಬಲ್ಲ ‘ವೈಂಡಿಂಗ್ ವೇ’ ೪. ಒಂದು ಮಾನಾಕ್ಕೆ ಇಳಿದು ಯುದ್ಧಕ್ಕೆ ಒದಗುವ ‘ನೆಟಲ್ ಸೆಂಟಿನೆಲ್’ ೪. ಪ್ರತಿಯೊಂದು ಎಲ್ಫ್ ಎಲೆಯನ್ನು ಆಡಿದಾಗಲೂ ಮತ್ತೊಂದು ಪುಟ್ಟ ಎಲ್ಫನ್ನು ಸೃಷ್ಟಿಸುವ ‘ಲಿಸ್ ಅಲಾನಾ ಹಂಟ್‌ಮಾಸ್ಟರ್’ ೪. ಎಲ್ಫ್‌ಗಳ ಸಂಖ್ಯೆಯಷ್ಟು ಬಲವನ್ನು ಒಂದು ಜೀವಿಗೆ ತುಂಬುವ ‘ಟಿಂಬರ್‌ವಾಚ್ ಎಲ್ಫ್’ ೪. ಅಷ್ಟೇ ಪ್ರಮಾಣದಲ್ಲಿ ಪ್ರಾಣಾಂಕ ಹೆಚ್ಚಿಸುವ ‘ವೆಲ್‌ವಿಷರ್’ ೪. ಒಟ್ಟು ೫೭, ಉಳಿದ ೩ ಸ್ಥಾನಗಳು ಆಟಗಾರನ ವಿವೇಚನೆಗೆ.

ಇವು ಪರಸ್ಪರ ಹೇಗೆ ಉಪಕರಿಸುತ್ತವೆಂಬುದನ್ನು ನೋಡಬೇಕು. ಮೊದಲನೆಯ ಸರದಿಯಲ್ಲಿ ಒಂದು ಕಾಡು, ಒಂದು ಲ್ಯಾನೋವರ್ ಎಲ್ವ್ಸ್. ಎರಡನೆಯದರಲ್ಲಿ ಇನ್ನೊಂದು ಕಾಡು. ಒದಗಿದ ೩ ಮಾನಾದಿಂದ ಒಬ್ಬ ಪ್ರೀಸ್ಟ್, ಒಬ್ಬ ಮಿಸ್ಟಿಕ್. ಮೂರನೆಯ ಸರದಿಯಲ್ಲಿ ಮೂರು ಕಾಡುಗಳಿಂದ ೩, ಎರಡು ಪುಟ್ಟ ಎಲ್ಫ್‌ಗಳಿಂದ ೨, ಕಣದಲ್ಲಿ ಮೂವರು ಎಲ್ಫ್‌ಗಳಿರುವುದರಿಂದ ಪ್ರೀಸ್ಟ್‌ನಿಂದ ೩, ಒಟ್ಟು ೮ ಮಾನಾ. ಭೂಮಿಯೊಂದನ್ನೇ ನೆಚ್ಚಿದವನಿಗೆ ಆ ಹೊತ್ತಿಗೆ ದೊರೆಯುವುದು ೩ ಮಾತ್ರ. ಇದರಲ್ಲಿ ಅಪೂರ್ವವರ್ಗದ ಎಲೆ ಒಂದೂ ಇಲ್ಲವೆಂಬುದು ಗಮನಾರ್ಹ.

ಕೊಳ್ಳುವ ಕ್ರಮದಲ್ಲಿಯೂ ವಿವೇಕ ಬೇಕು. ಮೊದಲು ವೆಚ್ಚದ ಮಿತಿಯನ್ನು ಕಾಗದದ ಮೇಲೆ ಬರೆದಿಡಬೇಕು. ಬಳಿಕ ಎಲೆಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಗೆಳೆಯರೊಡನೆ ಮನೆಯಲ್ಲಿ ಹತ್ತು ಆಟಗಳನ್ನಾದರೂ ಆಡಿ ನೋಡಬೇಕು. ಸ್ಪರ್ಧೆಗಳಲ್ಲಿ ಚೀಟಿಗಳಿಗೆ ಅವಕಾಶವಿಲ್ಲವಾದರೂ ಪರೀಕ್ಷೆಗೆ ಅವು ಸಾಕು. ಕೈಯಲ್ಲಿ ಬಂದಾಗಲೆಲ್ಲ ನಿರುಪಯೋಗಿಯೆನಿಸಿದ ಎಲೆಯನ್ನು ಪಟ್ಟಿಯಿಂದ ತೆಗೆದ ನಂತರವೇ ಹಣ ಹೊರತೆಗೆಯಬೇಕು. ಮುಚ್ಚಿದ ಪೊಟ್ಟಣಗಳ ಬದಲು ಬೇಕಾದ ಎಲೆಗಳನ್ನೇ ಬಿಡಿಯಾಗಿ ಕೊಳ್ಳುವುದು, ಹೆಚ್ಚಾದುದನ್ನು ವಿನಿಮಯ ಮಾಡಿಕೊಳ್ಳುವುದು ಮಿತವ್ಯಯದ ಮಾರ್ಗ. ಸಾಮಾನ್ಯವರ್ಗದ ಎಷ್ಟೋ ಎಲೆಗಳು ಒಂದು ಡಾಲರಿಗಿಂತ ಕಡಿಮೆಗೆ ಸಿಗುತ್ತವೆ. ಬಹುಕಾಲ ಮರುಮುದ್ರಣಗೊಳ್ಳದ ಕೆಲವು ಮಾತ್ರ ತುಟ್ಟಿಯಾಗಿರುತ್ತವೆ. ಅಂಥದಕ್ಕೆ ಬದಲಾಗಿ ಅದೇ ಕೆಲಸ ಮಾಡುವ ಬೇರೊಂದನ್ನು ಹುಡುಕುವುದೇ ಜಾಣತನ.

ಈ ಕಟ್ಟು ಅಜೇಯವೆಂದು ಭಾವಿಸಬಾರದು. ‘ಎಲೆಕ್ಟ್ರಿಕರಿ’ ಎಂಬ ಕೆಂಪು ಬಣ್ಣದ ಸಾಮಾನ್ಯ ಎಲೆಯೊಂದನ್ನು ೩ ಮಾನಾ ತೆತ್ತು ಪ್ರಯೋಗಿಸಿದರೆ ಎದುರಾಳಿಯ ಪ್ರತಿಯೊಂದು ಜೀವಿಗೂ ಒಂದೊಂದು ಪೆಟ್ಟು ಬೀಳುತ್ತದೆ. ಒಂದೇ ಅಂಕದ ದೇಹಬಲವುಳ್ಳ ಪುಟ್ಟ ಎಲ್ಫ್‌ಗಳೆಲ್ಲ ಒಮ್ಮೆಲೇ ನಾಶವಾಗುವುವು. ಆದುದರಿಂದ ಇದ್ದ ಎಲೆಗಳನ್ನೆಲ್ಲ ಒಮ್ಮೆಗೇ ಕಣಕ್ಕಿಳಿಸದೆ ಕೆಲವನ್ನು ಕೈಯಲ್ಲಿ ಕಾದಿರಿಸುವ ಸಂಯಮ ಅಗತ್ಯ. ಆ ಸಂಯಮವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು, ಅಭ್ಯಾಸದಿಂದಲೇ ಗಳಿಸಬೇಕು.

ಮಕ್ಕಳು ಇಂಥ ಆಟವನ್ನು ಆಡಬೇಕೆಂದಾಗಲಿ ಆಡಬಾರದೆಂದಾಗಲಿ ವಿಧಿಸುವುದು ಈ ಲೇಖನದ ಉದ್ದೇಶವಲ್ಲ. ಆಡುವುದಾದರೆ ಹಣದ ಮೇಲಾಟಕ್ಕೆ ಎಡೆಯಿಲ್ಲದಂತೆ ಆಡುವ ಮಾರ್ಗವುಂಟೆಂಬುದನ್ನು ಹಿರಿಯರು ಅರಿತಿದ್ದರೆ, ತಂದೆಯ ಸಂಬಳದ ಅಳತೆಯಿಂದ ಮಗುವಿನ ಸೋಲುಗೆಲವು ನಿರ್ಣಯವಾಗುವುದು ತಪ್ಪುತ್ತದೆ. ದಾಸೋಹದ ಪಂಕ್ತಿಯಲ್ಲಿ ಸಿರಿವಂತನ ಮಗನೂ ಕೂಲಿಕಾರನ ಮಗನೂ ಒಂದೇ ಪ್ರಸಾದವನ್ನು ಸ್ವೀಕರಿಸುವಂತೆ, ಸಾಮಾನ್ಯ ಎಲೆಗಳ ಈ ನಿಯಮ ಆಟದ ಮೇಜನ್ನೂ ಒಂದು ಪಂಕ್ತಿಯಾಗಿಸುತ್ತದೆ. ನಮ್ಮ ಮಠಗಳ ಪ್ರಸಾದನಿಲಯಗಳು ಬೆಳೆದುದು ಯಾರೋ ಒಬ್ಬರ ಹೊನ್ನಿನ ರಾಶಿಯಿಂದಷ್ಟೇ ಅಲ್ಲ. ಊರೂರಿನ ಭಕ್ತರು ಜೋಳಿಗೆಗೆ ನೀಡಿದ ಹಿಡಿಹಿಡಿ ಧಾನ್ಯದಿಂದ. ಅಲ್ಪವಾದುದು ಒಂದೇ ಉದ್ದೇಶಕ್ಕೆ ಒಟ್ಟುಗೂಡಿದಾಗ ಎಷ್ಟು ಸಮರ್ಥವಾಗಬಲ್ಲದೆಂಬುದನ್ನು ಅರಿಯಲು ಈ ಸಂಸ್ಥೆಯ ಬಂಧುಗಳಿಗೆ ಬೇರೆ ನಿದರ್ಶನ ಬೇಕಿಲ್ಲ.