ಇಂಗಾಲಯುಕ್ತ ಚಿನ್ನದ ಅದಿರಿನ ಶಿಲೀಂಧ್ರ ಸಂಸ್ಕರಣೆ

ಇಂಗಾಲಯುಕ್ತ ಚಿನ್ನದ ಅದಿರಿನ ಶಿಲೀಂಧ್ರ ಸಂಸ್ಕರಣೆ ಎಂಬುದು ಇಂಗಾಲಾಂಶವುಳ್ಳ ಅದಿರಿನಿಂದ ಸಯನೈಡ್ ವಿಧಾನದಲ್ಲಿ ಚಿನ್ನವನ್ನು ಬೇರ್ಪಡಿಸುವ ಮೊದಲು, ಆ ಇಂಗಾಲವನ್ನು ಶಿಲೀಂಧ್ರಗಳ ನೆರವಿನಿಂದ ನಿಷ್ಕ್ರಿಯಗೊಳಿಸುವ ಪೂರ್ವಸಂಸ್ಕರಣಾ ವಿಧಾನವಾಗಿದೆ.

ಹಿನ್ನೆಲೆ

1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೂಪುಗೊಂಡ ಸಯನೈಡ್ ವಿಧಾನದಲ್ಲಿ, ಪುಡಿಮಾಡಿದ ಅದಿರಿನ ಚಿನ್ನವು ದುರ್ಬಲ ಸಯನೈಡ್ ದ್ರಾವಣದಲ್ಲಿ ಕರಗುತ್ತದೆ. ಆದರೆ ಅದಿರಿನಲ್ಲಿ ಸಹಜವಾಗಿ ಇಂಗಾಲವಿದ್ದರೆ, ಕರಗಿದ ಚಿನ್ನವನ್ನು ಅದು ತನ್ನ ಮೇಲ್ಮೈಗೆ ಸೆಳೆದುಕೊಳ್ಳುತ್ತದೆ. ಆ ಚಿನ್ನವು ತ್ಯಾಜ್ಯದೊಂದಿಗೆ ನಷ್ಟವಾಗುತ್ತದೆ. ಇದನ್ನು ‘ಪ್ರೆಗ್-ರಾಬಿಂಗ್’ ಎನ್ನುತ್ತಾರೆ. ಅಮೆರಿಕದ ನೆವಾಡಾ ರಾಜ್ಯದ ಕಾರ್ಲಿನ್ ಪ್ರದೇಶ ಹಾಗೂ ಘಾನಾದ ಒಬುವಾಸಿಯಲ್ಲಿ ಇಂತಹ ಅದಿರುಗಳಿವೆ. ಚಿನ್ನವನ್ನು ಒಳಗೆ ಬಂಧಿಸಿಡುವ ಸಲ್ಫೈಡ್ ಖನಿಜಗಳೂ ಜೊತೆಗಿದ್ದರೆ ಸಮಸ್ಯೆ ಇಮ್ಮಡಿಯಾಗುತ್ತದೆ.

ಅದಿರನ್ನು ಹುರಿಯುವುದರಿಂದ ಇಂಗಾಲ ಮತ್ತು ಸಲ್ಫೈಡ್ ಎರಡೂ ನಿವಾರಣೆಯಾಗುತ್ತವೆ. ಆದರೆ ಸಲ್ಫರ್ ಡೈಆಕ್ಸೈಡ್ ಅನಿಲ ಹೊರಬರುತ್ತದೆ. ಅದಿರಿನಲ್ಲಿ ಆರ್ಸೆನಿಕ್ ಇದ್ದರೆ ಅದರ ವಿಷಕಾರಿ ಆವಿಯೂ ಸೇರುತ್ತದೆ. ಬ್ಯಾಕ್ಟೀರಿಯಾ ಬಳಸುವ ವಿಧಾನವು ಸಲ್ಫೈಡನ್ನು ಒಡೆಯುತ್ತದೆಯಾದರೂ ಇಂಗಾಲವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುತ್ತದೆ.

ಕಾರ್ಯವಿಧಾನ

ಈ ಉದ್ದೇಶಕ್ಕೆ ಪ್ರಮುಖವಾಗಿ ಅಧ್ಯಯನಕ್ಕೊಳಗಾದದ್ದು ‘ಫೆನೆರೊಕೀಟೆ ಕ್ರೈಸೊಸ್ಪೋರಿಯಂ’ ಎಂಬ ಬಿಳಿ ಕೊಳೆ ಶಿಲೀಂಧ್ರ. ನಿಸರ್ಗದಲ್ಲಿ ಇದು ಮರದಲ್ಲಿರುವ ಲಿಗ್ನಿನ್ ಎಂಬ ಗಟ್ಟಿ ವಸ್ತುವನ್ನು ವಿಘಟಿಸುತ್ತದೆ. ಇದು ಹೊರಸೂಸುವ ಲಿಗ್ನಿನ್ ಪೆರಾಕ್ಸಿಡೇಸ್ ಮತ್ತು ಮ್ಯಾಂಗನೀಸ್ ಪೆರಾಕ್ಸಿಡೇಸ್ ಕಿಣ್ವಗಳು ಹೈಡ್ರೋಜನ್ ಪೆರಾಕ್ಸೈಡ್ ಬಳಸಿಕೊಂಡು ಉತ್ಕರ್ಷಣ ನಡೆಸುತ್ತವೆ. ಈ ಕಿಣ್ವಗಳ ಕ್ರಿಯೆ ಒಂದೇ ವಸ್ತುವಿಗೆ ಸೀಮಿತವಲ್ಲ. ಲಿಗ್ನಿನ್‌ನಂತೆಯೇ ಅದಿರಿನ ಇಂಗಾಲದಲ್ಲೂ ಆರೊಮ್ಯಾಟಿಕ್ ಉಂಗುರಗಳಿರುವುದರಿಂದ ಅದರ ಮೇಲೂ ಇವು ವರ್ತಿಸಬಲ್ಲವು. ಇಂಗಾಲವು ಸಂಪೂರ್ಣವಾಗಿ ನಾಶವಾಗಬೇಕೆಂದಿಲ್ಲ; ಅದರ ಮೇಲ್ಮೈ ಬದಲಾದರೂ ಚಿನ್ನವನ್ನು ಹಿಡಿದಿಡುವ ಸಾಮರ್ಥ್ಯ ಕುಗ್ಗುತ್ತದೆ.

ಸಂಶೋಧನೆ

ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ರೇಸ್ ಒಫೋರಿ-ಸಾರ್ಪಾಂಗ್, ಮಿಂಗ್ ಟಿಯೆನ್ ಮತ್ತು ಕ್ವಾಡ್ವೊ ಒಸೆಯೊ-ಅಸಾರೆ ಈ ಶಿಲೀಂಧ್ರದ ಕುರಿತು ಪ್ರಯೋಗಗಳನ್ನು ನಡೆಸಿದರು. ಅದಿರಿನ ಇಂಗಾಲಕ್ಕೆ ಬದಲಿಯಾಗಿ ಆಂಥ್ರಸೈಟ್ ಕಲ್ಲಿದ್ದಲನ್ನು ಬಳಸಿದಾಗ, ಸಂಸ್ಕರಣೆಯ ನಂತರ ಅದು ಚಿನ್ನವನ್ನು ಹೀರಿಕೊಳ್ಳುವ ಪ್ರಮಾಣ ಇಳಿದಿತ್ತು. ಶಿಲೀಂಧ್ರವು ಸಲ್ಫೈಡನ್ನೂ ಭಾಗಶಃ ಉತ್ಕರ್ಷಿಸುವುದು ಕಂಡುಬಂದಿತು. ಹೀಗಾಗಿ ಎರಡೂ ತೊಡಕುಗಳನ್ನು ಒಂದೇ ಹಂತದಲ್ಲಿ ನಿಭಾಯಿಸುವ ಸಾಧ್ಯತೆ ಇದರಲ್ಲಿದೆ. ‘ಟ್ರಾಮೆಟಿಸ್ ವರ್ಸಿಕಲರ್’ ಶಿಲೀಂಧ್ರವನ್ನೂ ಇತರ ಅಧ್ಯಯನಗಳಲ್ಲಿ ಪರೀಕ್ಷಿಸಲಾಗಿದೆ.

ಮಿತಿಗಳು

ಹುರಿಯುವಿಕೆಗೆ ಹೋಲಿಸಿದರೆ ಈ ಕ್ರಿಯೆ ಬಹಳ ನಿಧಾನ. ಇದಕ್ಕೆ ದಿನಗಳು ಅಥವಾ ವಾರಗಳೇ ಬೇಕಾಗುತ್ತವೆ. ಶಿಲೀಂಧ್ರಕ್ಕೆ ಪೋಷಕಾಂಶ, ಸೂಕ್ತ ಉಷ್ಣತೆ ಮತ್ತು ಆಮ್ಲಜನಕ ಒದಗಿಸಬೇಕು. ಶಿಲೀಂಧ್ರವು ಆಮ್ಲೀಯ ಪರಿಸರದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದರೆ ಸಯನೈಡ್ ಬಳಸುವಾಗ ದ್ರಾವಣವು ಕ್ಷಾರೀಯವಾಗಿರಲೇಬೇಕು. ಇಲ್ಲವಾದರೆ ಮಾರಕವಾದ ಹೈಡ್ರೋಜನ್ ಸಯನೈಡ್ ಅನಿಲ ಬಿಡುಗಡೆಯಾಗುತ್ತದೆ. ಆದ್ದರಿಂದ ಎರಡು ಹಂತಗಳ ನಡುವೆ ಅದಿರಿನ ಆಮ್ಲೀಯತೆಯನ್ನು ಸುಣ್ಣದಂತಹ ಕ್ಷಾರದಿಂದ ನಿವಾರಿಸುವುದು ಅಗತ್ಯ. ಈ ವಿಧಾನದ ಅಧ್ಯಯನಗಳು ಬಹುತೇಕ ಪ್ರಯೋಗಾಲಯದ ಮಟ್ಟದಲ್ಲಿಯೇ ನಡೆದಿವೆ.