ಎರಡು ಸಂಗ್ರಹ ಯಂತ್ರಗಳ ನಡುವಣ ಬ್ಯಾಕಪ್

ಕಚೇರಿಯ ಅಥವಾ ಮನೆಯ ಹಲವು ಕಂಪ್ಯೂಟರುಗಳು ತಮ್ಮ ಕಡತಗಳನ್ನಿಡಲು ಜಾಲದ ಮೂಲಕ ಬಳಸುವ ಸಂಗ್ರಹ ಯಂತ್ರಕ್ಕೆ ‘ನ್ಯಾಸ್’ ಎಂದು ಹೆಸರು. ಇದರೊಳಗಿನ ಡಿಸ್ಕುಗಳಲ್ಲೊಂದು ಕೆಟ್ಟರೂ ಉಳಿದವುಗಳಿಂದ ಕಡತಗಳು ದೊರೆಯುವಂತೆ ಜೋಡಿಸುವುದು ಸಾಧ್ಯ. ಆದರೆ ಬೆಂಕಿಗೋ ಕಳ್ಳರಿಗೋ ಇಡೀ ಪೆಟ್ಟಿಗೆಯೇ ತುತ್ತಾದರೆ ಆ ಜೋಡಣೆಯಿಂದ ಫಲವಿಲ್ಲ. ಆದುದರಿಂದ ಬೇರೊಂದು ಕಟ್ಟಡದಲ್ಲಿ ಎರಡನೆಯ ಯಂತ್ರವನ್ನಿರಿಸಿ, ಮೊದಲನೆಯದರ ಪ್ರತಿಯನ್ನು ಅಲ್ಲಿ ಕಾಯ್ದಿಡುವ ರೂಢಿ ಬಂದಿದೆ. ಈ ಪ್ರತಿಯನ್ನು ಯಾವ ವಿಧಾನದಿಂದ ಮಾಡತಕ್ಕುದು ಎಂಬುದನ್ನು ವಿಚಾರಿಸೋಣ.

ಸರ್ವವನ್ನೂ ದಿನದಿನವೂ ಕಳುಹಿಸುವುದು ಆಗದ ಮಾತು. 4 ಟೆರಾಬೈಟಿನಷ್ಟು ದತ್ತಾಂಶವು ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಹೋಗಲು ಸುಮಾರು 9 ಗಂಟೆ ಬೇಕು. 20 ಮೆಗಾಬಿಟ್ಟಿನ ಸಂಪರ್ಕದಲ್ಲಾದರೋ 18 ದಿನಗಳಿಗೂ ಮಿಕ್ಕ ಕಾಲ ಹಿಡಿಯುವುದು. ಮೊದಲ ಪ್ರತಿಯನ್ನು ಎರಡು ಯಂತ್ರಗಳನ್ನೂ ಒಂದೆಡೆ ಇಟ್ಟು ಮಾಡಿ, ಅನಂತರ ಬದಲಾದುದನ್ನಷ್ಟೇ ಕಳುಹಿಸಬೇಕು.

ಬದಲಾದುದು ಯಾವುದೆಂದು ತಿಳಿಯುವ ಬಗೆ ಹೇಗೆ? ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಅವರು 1996ರಲ್ಲಿ ಪ್ರಕಟಿಸಿದ ‘ಆರ್‌ಸಿಂಕ್’ ಇದಕ್ಕೊಂದು ಸೊಗಸಾದ ಉಪಾಯ. ಪ್ರತಿಯನ್ನು ಪಡೆಯುವ ಯಂತ್ರವು ತನ್ನಲ್ಲಿರುವ ಹಳೆಯ ಕಡತವನ್ನು ಸಮನಾದ ಖಂಡಗಳಾಗಿ ವಿಂಗಡಿಸಿ, ಒಂದೊಂದು ಖಂಡಕ್ಕೂ ಎರಡೆರಡು ಗುರುತಿನ ಸಂಖ್ಯೆಗಳನ್ನು ಗಣಿಸಿ ಕಳುಹಿಸುತ್ತದೆ. ಒಂದು ಸಂಖ್ಯೆ ಬೇಗ ಸಿದ್ಧವಾಗುವಂಥದು, ಇನ್ನೊಂದು ನಂಬಲರ್ಹವಾದುದು. ಮೂಲ ಯಂತ್ರವು ಅಷ್ಟೇ ಅಗಲದ ಕಿಟಕಿಯೊಂದನ್ನು ಹೊಸ ಕಡತದ ಮೇಲೆ ಬೈಟು ಬೈಟಾಗಿ ಸರಿಸುತ್ತ ಹೋಗುವುದು. ಹೆಜ್ಜೆಹೆಜ್ಜೆಗೂ ಹೊಸದಾಗಿ ಗಣಿಸಬೇಕಾಗಿಲ್ಲ. ಕಿಟಕಿಯಿಂದ ಹೊರಬಿದ್ದ ಬೈಟನ್ನು ಕಳೆದು ಒಳಬಂದುದನ್ನು ಕೂಡಿಸಿಕೊಂಡರೆ ಸಾಕು. ಮೊದಲ ಸಂಖ್ಯೆ ತಾಳೆಯಾದಾಗ ಎರಡನೆಯದರಿಂದ ಖಚಿತಪಡಿಸಿಕೊಂಡು, ತಾಳೆಯಾಗದ ಭಾಗವನ್ನಷ್ಟೇ ಕಳುಹಿಸುತ್ತದೆ. ಕಡತದ ಆದಿಯಲ್ಲಿ ಒಂದು ಪದ ಸೇರಿ ಮುಂದಿನದೆಲ್ಲ ಸರಿದಿದ್ದರೂ ಆ ಪದದ ಆಸುಪಾಸು ಮಾತ್ರ ಪ್ರಯಾಣ ಮಾಡುವುದು!

ಇನ್ನೊಂದು ವಿಧಾನ ‘ಸ್ನ್ಯಾಪ್‌ಷಾಟ್’. ಹಳೆಯ ಲೆಕ್ಕವನ್ನು ಅಳಿಸದೆ ತಿದ್ದುಪಡಿಯನ್ನು ಹೊಸ ಸಾಲಿನಲ್ಲಿ ಬರೆಯುವ ಶಾನುಭೋಗನಂತೆ, ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗಳು ಬದಲಾದ ಖಂಡವನ್ನು ಹೊಸ ಜಾಗದಲ್ಲಿ ಬರೆಯುತ್ತವೆ. ಹಳೆಯ ಖಂಡಗಳನ್ನು ಬಿಟ್ಟುಕೊಡದಿದ್ದರೆ ಆ ಕ್ಷಣದ ಸ್ಥಿತಿ ಹಾಗೆಯೇ ಉಳಿಯುವುದು. ಎರಡು ಕ್ಷಣಗಳ ಅಂತರವನ್ನು ಕಡತಗಳನ್ನೆಲ್ಲ ಹುಡುಕದೆಯೇ ಕಳುಹಿಸಬಹುದು. ಆದರೆ ಎರಡೂ ಯಂತ್ರಗಳಲ್ಲಿ ಒಂದೇ ವ್ಯವಸ್ಥೆಯಿರಬೇಕು.

ವೇಗಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿದೆ. ಮೂಲವನ್ನು ಯಥಾವತ್ತಾಗಿ ಅನುಸರಿಸುವ ಪ್ರತಿಬಿಂಬವು ತಪ್ಪನ್ನೂ ಅನುಸರಿಸುತ್ತದೆ: ಹಗಲು ಕೈತಪ್ಪಿ ಕೆಡಿಸಿದ ಕಡತ ರಾತ್ರಿ ಅಲ್ಲಿಯೂ ಕೆಡುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಮೂಲ ದತ್ತಸಂಚಯವನ್ನು ತಪ್ಪಿ ಅಳಿಸಿದರು. ಪ್ರತಿಬಿಂಬದ ಯಂತ್ರವೂ ನಿತ್ಯದ ಬ್ಯಾಕಪ್ಪೂ ಒದಗಲಿಲ್ಲ; ಬೇರೊಂದು ಕೆಲಸಕ್ಕಾಗಿ ಸುಮಾರು 6 ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಷಾಟೇ ಕೈಹಿಡಿಯಿತು.

ಆದಕಾರಣ ಎರಡೂ ಕಡೆ ಒಂದೇ ವ್ಯವಸ್ಥೆಯಿದ್ದರೆ ಸ್ನ್ಯಾಪ್‌ಷಾಟನ್ನೇ ಕಳುಹಿಸುವುದು ಲೇಸೆಂದು ನನ್ನ ಮತ. ಇಲ್ಲವಾದರೆ ಆರ್‌ಸಿಂಕ್ ಸಾಕು; ಆದರೆ ಪ್ರತಿ ಮುಗಿದೊಡನೆ ಎರಡನೆಯ ಯಂತ್ರದಲ್ಲಿ ಸ್ನ್ಯಾಪ್‌ಷಾಟ್ ತೆಗೆಯುವ ಅನುಕೂಲವಿರಬೇಕು. ಎರಡನೆಯ ಯಂತ್ರವೇ ಬಂದು ದತ್ತಾಂಶವನ್ನು ಕೊಂಡೊಯ್ಯಲಿ. ಅದರಲ್ಲಿ ಬರೆಯುವ, ಅಳಿಸುವ ಅಧಿಕಾರ ಮೊದಲನೆಯದಕ್ಕೆ ಬೇಡ. ಹಳೆಯ ಖಂಡಗಳು ಜಾಗ ಹಿಡಿಯುವುದರಿಂದ ಎರಡನೆಯದರ ಡಿಸ್ಕುಗಳು ಮೊದಲನೆಯದಕ್ಕಿಂತ ದೊಡ್ಡವಾಗಿದ್ದರೆ ಒಳಿತು.